ಹೈವೇಯಲ್ಲಿ ಕಾರು ಹೊಯ್ದಾಡುತ್ತಿದೆಯೇ? ಮೊದಲು ಗಾಳಿ, ಆಮೇಲೆ ಗ್ಯಾರೇಜು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಊರೊಳಗೆ ಪಿ.ಬಿ. ರಸ್ತೆಯಲ್ಲಿ 40ರ ವೇಗದಲ್ಲಿ ಓಡುವಾಗ ಸುಮ್ಮನಿದ್ದ ಕಾರು, ಆನಗೋಡು ದಾಟಿ 90 ಮುಟ್ಟಿದ ಕೂಡಲೇ ಬೇರೆಯದೇ ಗಾಡಿಯಂತೆ ಆಡುತ್ತದೆ. ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಲಾರಿ ಹೋದರೆ ಎದೆ ಧಸಕ್ಕೆನ್ನುತ್ತದೆ.

ನನಗೂ ಹೀಗೆ ಆಗಿತ್ತು. ಒಂದು ಆಷಾಢದಲ್ಲಿ ಅಮ್ಮನನ್ನು ಕೂರಿಸಿಕೊಂಡು ದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ಬರುವ ಹೊತ್ತಿಗೆ ಅಮ್ಮ ಮೇಲಿನ ಹಿಡಿಕೆ ಹಿಡಿದುಕೊಂಡು, "ಗಾಡಿ ಹಿಂಗ್ಯಾಕಪ್ಪಾ ಹೊಯ್ದಾಡ್ತೈತಿ?" ಎಂದರು. ಗಾಳಿ ಜಾಸ್ತಿ ಇದೆ ಎಂದು ಸಮಾಧಾನ ಹೇಳಿದೆ. ವಾಪಸ್ ಬಂದು ಚಕ್ರಗಳ ನಿಲುವು ಸರಿಮಾಡುವ ಅಲೈನ್‌ಮೆಂಟ್ ಮಾಡಿಸಿದೆ. ಸರಿ ಹೋಗಲಿಲ್ಲ. ತಿಂಗಳೊಳಗೆ ಇನ್ನೊಂದು ಕಡೆ ಮತ್ತೆ ಮಾಡಿಸಿದೆ. ಆಗಲೂ ಇಲ್ಲ. ಮೂರನೆಯ ಮೆಕ್ಯಾನಿಕ್ ಗಾಡಿ ಎತ್ತಿ, ಒಂದು ಉದ್ದನೆಯ ರಾಡ್ ಸಿಕ್ಕಿಸಿ ಮೀಟಿ ತೋರಿಸಿದರು. ಬಲಗಡೆ ಲೋವರ್ ಆರ್ಮ್‌ನ, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ, ರಬ್ಬರ್ ಬುಷ್ ಹರಿದು ಹೋಗಿತ್ತು. ನಿಂತ ಗಾಡಿಯಲ್ಲಿ ಅಲೈನ್‌ಮೆಂಟ್ ಮೆಷಿನ್ ಎಲ್ಲ ಸರಿ ಎಂದೇ ತೋರಿಸುತ್ತದೆ. ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ ಆ ಹರಿದ ಬುಷ್ ಅಲುಗಿ ಚಕ್ರದ ದಿಕ್ಕನ್ನೇ ಬದಲಿಸುತ್ತದೆ.

ಅದಕ್ಕೇ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಕ್ರಮದ ಬಗ್ಗೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಎಂಬುದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಜೀವಕ್ಕೂ ಅಪಾಯ ಇರುವುದಿಲ್ಲ.

ಹಂತ 1: ಆ ಕ್ಷಣಕ್ಕೆ ಏನು ಮಾಡಬೇಕು

ಓಡುತ್ತಿರುವಾಗಲೇ ಗಾಡಿ ಓಲಾಡಲು ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿಯಿರಿ. ಆಕ್ಸಿಲರೇಟರ್ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ. ವೇಗ ತಾನಾಗಿ ಇಳಿಯಲಿ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ಎಡಕ್ಕೆ ಬನ್ನಿ. ಟೈರ್ ಸಿಡಿದರೂ ಇದೇ ಕ್ರಮ. ಆಗಂತೂ ಬ್ರೇಕ್ ಒತ್ತಿದರೆ ಗಾಡಿ ಗಿರಕಿ ಹೊಡೆಯುತ್ತದೆ.

ಆದಷ್ಟು ಪೆಟ್ರೋಲ್ ಬಂಕ್ ಅಥವಾ ಲಾರಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿಯವರೆಗೆ ಹೋಗುವುದು ಆಗದ ಮಾತು ಅನ್ನಿಸಿದರೆ ರಸ್ತೆ ಅಂಚಿನಾಚೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿದು ದೂರ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಇಳಿದ ಮೇಲೆ ನಾಲ್ಕೂ ಟೈರ್ ನೋಡಿ. ಒಂದೊಂದು ಚಕ್ರದ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಒಂದೇ ಚಕ್ರದಿಂದ ಕಾವು ಜಾಸ್ತಿ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು, ಇಲ್ಲವೇ ಬೇರಿಂಗ್ ಹೋಗಿರಬಹುದು. ಅಂಥ ಗಾಡಿಯನ್ನು ಮುಂದೆ ಓಡಿಸಬೇಡಿ.

ಹಂತ 2: ಗಾಡಿ ಏನು ಹೇಳುತ್ತಿದೆ?

"ಗಾಡಿ ಅಲುಗುತ್ತೆ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. ನಡುಗುವುದು ಬೇರೆ, ಎಳೆಯುವುದು ಬೇರೆ, ಹೊಯ್ದಾಡುವುದು ಬೇರೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

80ರಿಂದ 100ರ ನಡುವೆ ಮಾತ್ರ ಸ್ಟೇರಿಂಗ್ ನಡುಗಿ, ವೇಗ ಬದಲಾದರೆ ಕಡಿಮೆ ಆಗುತ್ತದೆಯೇ? ಅದು ಹೆಚ್ಚಾಗಿ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ (ಸುತ್ತಲಿನ ತೂಕದ ಸಮತೋಲ) ತೊಂದರೆ. ನಡುಕ ಸೀಟಿನ ಕೆಳಗಿನಿಂದ ಬಂದರೆ ಹಿಂದಿನ ಚಕ್ರ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಮೇಲೆ ಅನುಮಾನ. ಕೈ ಸಡಿಲಿಸಿದರೆ ಒಂದೇ ಕಡೆ ಎಳೆಯುತ್ತದೆ ಎಂದರೆ ಟೈರ್ ಗಾಳಿ, ಟೈರ್, ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕ್. ಎಳೆಯುವುದಿಲ್ಲ, ಆದರೆ ಅತ್ತ ಇತ್ತ ಹೋಗುತ್ತದೆ, ಪ್ರತಿ ಕ್ಷಣ ಸ್ಟೇರಿಂಗ್ ಸರಿಮಾಡುತ್ತಲೇ ಇರಬೇಕು ಎಂದರೆ ಎಲ್ಲೋ ಲೂಸ್ ಆಗಿದೆ: ಚಕ್ರ ತಿರುಗಿಸುವ ರಾಡಿನ ತುದಿಯಾದ ಟೈ ರಾಡ್ ಎಂಡ್, ಚಕ್ರ ತಿರುಗಲು ಬಿಡುವ ಗುಂಡು ಕೀಲಾದ ಬಾಲ್ ಜಾಯಿಂಟ್, ಇಲ್ಲವೇ ಬುಷ್. ಉಬ್ಬು ಹತ್ತಿಳಿದ ಮೇಲೂ ದೋಣಿಯಂತೆ ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್. ಗುಂಯ್ ಎಂಬ ಶಬ್ದ ವೇಗದ ಜೊತೆ ಏರಿದರೆ ಬೇರಿಂಗ್. ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ಬೀಳುತ್ತದೆ. ಆಗ ಶಬ್ದ ಏರಿದರೆ ಬಲಗಡೆಯದನ್ನೇ ಮೊದಲು ನೋಡಲು ಹೇಳಿ.

ನಮ್ಮ ರಸ್ತೆಗಳು ಮಳೆ ನೀರು ಹರಿದುಹೋಗಲೆಂದು ಎಡಕ್ಕೆ ಸ್ವಲ್ಪ ಇಳಿಜಾರಾಗಿರುತ್ತವೆ. ಹಾಗಾಗಿ ಸ್ಟೇರಿಂಗ್ ಬಿಗಿ ಹಿಡಿಯದಿದ್ದರೆ ಗಾಡಿ ನಿಧಾನಕ್ಕೆ ಎಡಕ್ಕೆ ಜಾರುವುದು ಸಹಜ. ಎಡಪಥದಲ್ಲಿ ಭಾರದ ಲಾರಿಗಳು ಓಡಿ ಓಡಿ ಚಕ್ರದ ಜಾಡು ಬಿದ್ದಿರುವ ಕಡೆಯೂ ಗಾಡಿ ಆ ಜಾಡಿನ ಮಾತು ಕೇಳುತ್ತದೆ. ಪಥ ಬದಲಿಸಿದ ಕೂಡಲೇ ಸರಿಹೋದರೆ ತಪ್ಪು ರಸ್ತೆಯದು, ಗಾಡಿಯದಲ್ಲ.

ಹಂತ 3: ಆಷಾಢದ ಗಾಳಿಯೋ, ಗಾಡಿಯದೇ ದೋಷವೋ

ಇದು ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ ವಿಷಯ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ ಅಲ್ವಾ? ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಇಲ್ಲಿ ಜೋರಾಗಿ ಬೀಸುತ್ತದೆ. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿ 48 ಹೋಗುವುದು ಹೆಚ್ಚುಕಡಿಮೆ ಆಗ್ನೇಯ ದಿಕ್ಕಿಗೆ. ಹಾಗಾಗಿ ಮುಂಗಾರಿನ ಗಾಳಿ ಗಾಡಿಗೆ ಅಡ್ಡಲಾಗಿಯೇ ಹೊಡೆಯುತ್ತದೆ.

ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ದುರ್ಗಕ್ಕೆ ಹೋಗುವಾಗ ಈ ಗಾಳಿ ಬಲಗಡೆಯಿಂದ ಬಂದು ಕಾರನ್ನು ಎಡಕ್ಕೆ ತಳ್ಳುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎಡಗಡೆಯಿಂದ ಬಂದು ಬಲಕ್ಕೆ, ಅಂದರೆ ಡಿವೈಡರ್ ಕಡೆಗೆ ತಳ್ಳುತ್ತದೆ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಎಳೆದರೆ ಅದು ಗಾಳಿಯ ಕೆಲಸ. ಎರಡೂ ಸಲ ಒಂದೇ ಕಡೆಗೆ ಜೋರಾಗಿ ಎಳೆದರೆ ದೋಷ ಗಾಡಿಯಲ್ಲಿದೆ. ನಾನು ಅವತ್ತು ಇದನ್ನು ಗಮನಿಸಿದ್ದರೆ ಗಾಳಿಯ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ.

ಗಾಳಿಯೇ ಕಾರಣವಾದರೆ ರಿಪೇರಿ ಬೇಕಿಲ್ಲ, ವೇಗ ಇಳಿಸಬೇಕು ಅಷ್ಟೇ. ಎತ್ತರದ ಗಾಡಿಗಳಿಗೆ ಪೆಟ್ಟು ಜಾಸ್ತಿ. ಲಾರಿಯನ್ನು ಹಿಂದೆ ಹಾಕುವಾಗ ವಿಶೇಷ ಎಚ್ಚರ ಬೇಕು. ಲಾರಿಯ ಮರೆಯಲ್ಲಿ ಗಾಳಿ ಇರುವುದಿಲ್ಲ, ಅದನ್ನು ದಾಟಿದ ಕೂಡಲೇ ಒಮ್ಮೆಲೇ ಹೊಡೆಯುತ್ತದೆ. ಗುಡ್ಡ ಕಡಿದು ರಸ್ತೆ ಮಾಡಿದ ಜಾಗದಿಂದ ಬಯಲಿಗೆ ಬರುವಾಗಲೂ, ಮೇಲ್ಸೇತುವೆ ಹತ್ತಿದಾಗಲೂ ಹೀಗೇ. ಮೊದಲೇ ಗೊತ್ತಿದ್ದರೆ ಕೈ ತಯಾರಿರುತ್ತದೆ.

ಹಂತ 4: ಟೈರ್ ಗಾಳಿ

ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಬೇಕು. ಓಡಿ ಬಂದ ಟೈರ್‌ನಲ್ಲಿ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಅದನ್ನು ಕಂಡು ಗಾಳಿ ಇಳಿಸಿದರೆ ತಣ್ಣಗಾದಾಗ ಕಡಿಮೆ ಆಗಿರುತ್ತದೆ. ಎಷ್ಟು ಹಾಕಬೇಕು ಎಂಬುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿದೆ. ಟೈರ್ ಮೇಲೆ ಬರೆದಿರುವ ದೊಡ್ಡ ಅಂಕಿ ಟೈರ್ ತಡೆಯುವ ಗರಿಷ್ಠ ಮಿತಿ, ಅದು ನಿಮ್ಮ ಗಾಡಿಯ ಲೆಕ್ಕವಲ್ಲ. ಚೀಟಿಯಲ್ಲಿ ಕಡಿಮೆ ಜನಕ್ಕೆ ಒಂದು, ಪೂರ್ತಿ ಭಾರಕ್ಕೆ ಒಂದು ಅಂಕಿ ಇದ್ದರೆ ಎರಡನ್ನೂ ನೋಡಿ. ನಾಯಕನಹಟ್ಟಿ ಜಾತ್ರೆಗೆ ಐದು ಜನ ಕೂತು, ಡಿಕ್ಕಿ ತುಂಬ ಬುತ್ತಿ, ಬಟ್ಟೆ ತುಂಬಿಕೊಂಡು ಹೊರಟಾಗ ಹಿಂದಿನ ಚಕ್ರಕ್ಕೆ ಪೂರ್ತಿ ಭಾರದ ಗಾಳಿಯೇ ಬೇಕು. ಹಿಂದೆ ಭಾರ ಜಾಸ್ತಿಯಾದರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ. ಕಾರಿನ ತಲೆಯ ಮೇಲೆ ಸಾಮಾನು ಕಟ್ಟಿದರೆ ತಿರುವಿನಲ್ಲಿ, ಅಡ್ಡಗಾಳಿಯಲ್ಲಿ ವಾಲಾಟವೂ ಹೆಚ್ಚು. ಭಾರದ ಚೀಲ ಕೆಳಗಿರಲಿ, ಹಿಂದಿನ ಸೀಟಿಗೆ ಒತ್ತಿಕೊಂಡಿರಲಿ.

ಒಂದೇ ಟೈರ್ ಪದೇ ಪದೇ ಇಳಿಯುತ್ತಿದ್ದರೆ ಗಾಳಿ ತುಂಬಿಸಿ ಸುಮ್ಮನಾಗಬೇಡಿ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಮೊಳೆ ಕೂತಲ್ಲೇ ಕೂತು ತಿಂಗಳುಗಟ್ಟಲೆ ಸಣ್ಣಗೆ ಗಾಳಿ ಬಿಡುತ್ತದೆ.

ಹಂತ 5: ಟೈರ್‌ ಓದುವುದು

ಟೈರ್ ಸವೆದ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂದಿನ ಟೈರ್ ಮೈ ಚೆನ್ನಾಗಿ ಕಾಣುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಮಾತ್ರ ಸವೆದಿದ್ದರೆ ಜಾಸ್ತಿ ಇಟ್ಟಿದ್ದೀರಿ. ಒಳಗಿನ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್. ಇದು ಹೊರಗೆ ಕಾಣುವುದಿಲ್ಲ, ಕೈ ಹಾಕಿ ಸವರಿ ನೋಡಬೇಕು. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ದಣಿದಿದೆ. ಬದಿಯಲ್ಲಿ ನಿಂಬೆಹಣ್ಣಿನ ಹಾಗೆ ಉಬ್ಬಿದ್ದರೆ ಒಳಗಿನ ದಾರಗಳು ಕಡಿದಿವೆ. ಆ ಟೈರ್‌ನಲ್ಲಿ ಹೆದ್ದಾರಿಗೆ ಹೋಗಲೇಬೇಡಿ, ಅದು ಎಲ್ಲಿ ಬೇಕಾದರೂ ಸಿಡಿಯಬಹುದು.

ಕಾಲುವೆಯಂಥ ಗೆರೆಗಳ ನಡುವೆ ಸಣ್ಣ ದಿಂಡು ಇರುತ್ತದೆ. ಟೈರ್ ಅದರ ಮಟ್ಟಕ್ಕೆ ಸವೆದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ. ಬದಲಿಸಲೇಬೇಕು. ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲೂ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಐದಾರು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಗೆ ತೋರಿಸಿ. ಎರಡೇ ಹೊಸ ಟೈರ್ ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಿ. ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವ ಕಾರಿನಲ್ಲೂ ಹಾಗೆಯೇ. ಅಂಗಡಿಯವರು ಒಪ್ಪದಿರಬಹುದು, ಆದರೂ ಕೇಳಿ ಹಾಕಿಸಿ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ.

ಹಂತ 6: ಗಾಡಿ ಎತ್ತಿ ನೋಡಿಸಿ

ಇಲ್ಲಿಂದ ಗ್ಯಾರೇಜಿನ ಕೆಲಸ. ಸ್ಟೆಪ್ನಿ ಹಾಕುವ ಜಾಕಿಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಲಿಫ್ಟ್ ಇರುವ ಕಡೆ ಹೋಗಿ, ಪಕ್ಕದಲ್ಲೇ ನಿಂತು ನೋಡಿ.

ಚಕ್ರ ನೆಲ ಬಿಟ್ಟಾಗ ಎಡಬಲ ಬದಿ ಹಿಡಿದು ಅಲುಗಿಸಿದರೆ ಟಕ್ ಟಕ್ ಎಂದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸ್ಟೇರಿಂಗ್ ರ‍್ಯಾಕ್. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಆಮೇಲೆ ರಾಡ್ ಸಿಕ್ಕಿಸಿ ಲೋವರ್ ಆರ್ಮ್ ಬುಷ್‌ಗಳನ್ನು ಮೀಟಿಸಿ. ಇದನ್ನು ಬಾಯಿಬಿಟ್ಟು ಕೇಳಿ. ಕೈಯಿಂದ ಚಕ್ರ ಅಲುಗಿಸಿದರೆ ಹರಿದ ಬುಷ್ ಎಷ್ಟೋ ಸಲ ಸಿಕ್ಕಿಬೀಳುವುದಿಲ್ಲ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿದೆಯೇ ಎಂಬುದನ್ನೂ ನೋಡಿ.

ಸವೆದದ್ದನ್ನೆಲ್ಲ ಬದಲಿಸಿದ ಮೇಲಷ್ಟೇ ಮುಂದಿನ ಹಂತ.

ಹಂತ 7: ಬ್ಯಾಲೆನ್ಸಿಂಗ್, ಕೊನೆಗೆ ಅಲೈನ್‌ಮೆಂಟ್

ಈ ಎರಡನ್ನೂ ಒಂದೇ ಎಂದುಕೊಂಡವರು ಬಹಳ ಜನ. ಬ್ಯಾಲೆನ್ಸಿಂಗ್ ಎಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ರಿಮ್‌ಗೆ ಅಂಟಿಸುವ ಸಣ್ಣ ತೂಕದ ಚೂರುಗಳು ಅದಕ್ಕೇ. ಅಲೈನ್‌ಮೆಂಟ್ ಎಂದರೆ ಚಕ್ರಗಳ ನಿಲುವು ಸರಿಮಾಡುವುದು. ಅದರಲ್ಲಿ ಮೂರು ಅಳತೆ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದು ಟೋ. ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಗೆ ವಾಲಿದೆಯೋ ಹೊರಗೋ ಎಂಬುದು ಕ್ಯಾಂಬರ್. ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದು. ಕೈಬಿಟ್ಟು ಸೈಕಲ್ ಹೊಡೆದವರಿಗೆ ಆ ವಾಲಿಕೆ ಎಷ್ಟು ಮುಖ್ಯ ಎಂದು ಗೊತ್ತಿರುತ್ತದೆ. ಅದು ಕಡಿಮೆಯಾದರೆ ಕಾರು ನೇರ ಹಿಡಿಯುವುದಿಲ್ಲ.

ಬಹಳಷ್ಟು ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಚಕ್ರದ ಟೋ ಒಂದೇ. ಪ್ರಿಂಟ್ ತೆಗೆಸಿ, ಮೊದಲಿನ ಮತ್ತು ನಂತರದ ಅಂಕಿ ಎರಡೂ ಇರಲಿ. ಕ್ಯಾಂಬರ್, ಕ್ಯಾಸ್ಟರ್ ಮಿತಿ ಮೀರಿ ಕೆಂಪು ತೋರಿಸುತ್ತಿದ್ದರೆ "ಅದು ಹಂಗೇ ಇರುತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಗುಂಡಿಗೆ ಬಿದ್ದು ಏನೋ ಬಾಗಿದೆ, ಅದನ್ನು ಹುಡುಕಬೇಕು. ಅಳತೆಯೆಲ್ಲ ಸರಿ ಇದ್ದೂ ಗಾಡಿ ಎಳೆದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲು ಬದಲು ಮಾಡಿಸಿ. ಎಳೆತ ಕಡೆ ಬದಲಿಸಿದರೆ ದೋಷ ಟೈರ್‌ನದ್ದು. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರ್‌ಗೆ ಮಾತ್ರ ಇದನ್ನು ಮಾಡುವಂತಿಲ್ಲ.

ಹಂತ 8: ಓಡಿಸಿ ನೋಡುವುದು

ಬೆಳಗಿನ ಜಾವ, ಗಾಳಿ ಕಡಿಮೆ ಇರುವಾಗ, ಮೊದಲು ತೊಂದರೆ ಕಂಡ ಅದೇ ರಸ್ತೆಗೆ ಹೋಗಿ. ನಾನು ಹೆಬ್ಬಾಳು ಟೋಲ್‌ವರೆಗೆ ಹೋಗಿ ತಿರುಗಿ ಬರುತ್ತೇನೆ. 60ರಲ್ಲಿ ಸ್ವಲ್ಪ ದೂರ, 80ರಲ್ಲಿ ಸ್ವಲ್ಪ ದೂರ, ಎಲ್ಲ ಸರಿ ಇದ್ದರೆ 90. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 100. ಬೋರ್ಡ್‌ನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಬೋರ್ಡ್‌ನದ್ದೇ ಲೆಕ್ಕ. ಎರಡನೇ ಹಂತದಲ್ಲಿ ಬರೆದ ಚೀಟಿ ಪಕ್ಕದಲ್ಲಿರಲಿ. ನಡುಕ, ಎಳೆತ, ಹೊಯ್ದಾಟ ಒಂದೊಂದೂ ಹೋಗಿದೆಯೇ ಎಂದು ಹೋಗುವಾಗಲೂ ಬರುವಾಗಲೂ ನೋಡಿ. ಒಂದು ಉಳಿದಿದ್ದರೂ ಅದೇ ಚೀಟಿ ಹಿಡಿದು ಮೆಕ್ಯಾನಿಕ್ ಹತ್ತಿರ ವಾಪಸ್ ಹೋಗಿ, ಸಾಧ್ಯವಾದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ.

ಚಕ್ರ ಬಿಚ್ಚಿ ಹಾಕಿದ ಗಾಡಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳು ಕೊಂಚ ಸಡಿಲಾಗಬಹುದು. ದುರ್ಗಕ್ಕೆ ಒಮ್ಮೆ ಹೋದರೇ ಅಷ್ಟಾಯಿತು. ಮನೆ ಮುಂದೆ ಗಾಡಿ ತಣ್ಣಗಾದ ಮೇಲೆ ಪಾನಾ ಹಾಕಿ, ಎದುರು ಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ ನಾಲ್ಕೂ ಚಕ್ರಕ್ಕೆ ಬಿಗಿ ನೋಡಿ.