ನೂಲಿಗೆ ಬಣ್ಣ ಹಾಕುವಾಗ ಮಗ್ಗ ನೆನಪಿರಲಿ

ನೇಯುವ ನೂಲಿಗೆ ಮನೆಯಲ್ಲೇ ಬಣ್ಣ ಹಾಕಲು ಹೊರಟವರು ಮೊದಲು ಯೋಚಿಸುವುದು ಯಾವ ಬಣ್ಣ ಅಂತ. ನಾನಾದರೆ ಮೊದಲು ಕೇಳುವುದು, ಇದು ಉದ್ದಕ್ಕೆ ಹಾಯುವ ಹಾಸಿನ ನೂಲೋ, ಅಡ್ಡಕ್ಕೆ ಹೆಣೆಯುವ ಹೊಕ್ಕಿನ ನೂಲೋ ಅಂತ. ಹಾಸಿನ ಒಂದು ಲಡಿ (ಸುತ್ತಿಟ್ಟ ನೂಲಿನ ಕಂತೆ) ಕೊಂಚ ಮಂಕಾಗಿದ್ದರೂ ಬಟ್ಟೆಯ ಉದ್ದಕ್ಕೂ ಪಟ್ಟೆ ಎದ್ದು ಕಾಣುತ್ತದೆ. ಅದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಹಾಗಾಗಿ ಹಾಸಿನ ನೂಲನ್ನೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ಸಲ ಅದ್ದಿ. ಎಳೆ ಕಡಿದರೆ ಜೋಡಿಸಲು ಒಂದಿಷ್ಟು ಜಾಸ್ತಿಯೇ ಇರಲಿ. ಹೊಕ್ಕಿನಲ್ಲಿ ಅಷ್ಟು ಭಯವಿಲ್ಲ. ಲಡಿಗಳ ಬಣ್ಣ ಹೆಚ್ಚುಕಡಿಮೆಯಾದರೆ ಹೊಕ್ಕಿನ ನೂಲು ಹಾಯಿಸುವ ಲಾಳಿ ಎರಡು ಇಟ್ಟುಕೊಂಡು ಅದಲುಬದಲಾಗಿ ನೇಯಿರಿ, ವ್ಯತ್ಯಾಸ ಕಲೆತುಹೋಗುತ್ತದೆ. ಪ್ರಯೋಗದ ಆಸೆಯನ್ನೆಲ್ಲ ಹೊಕ್ಕಿನಲ್ಲೇ ತೀರಿಸಿಕೊಳ್ಳಿ.

ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಬಿಗಿದರೆ ಕಟ್ಟಿನ ಕೆಳಗೆ ಬಣ್ಣ ಹೋಗದೆ ಬಿಳಿ ಚುಕ್ಕೆ ಉಳಿಯುತ್ತದೆ. ಬೇಕಂತಲೇ ಹಾಗೆ ಮಾಡುವುದೂ ಉಂಟು, ಆ ಮಾತು ಬೇರೆ.

ಬಣ್ಣ ಸರಿಯಾಗಿ ಹಿಡಿಯಲಿಲ್ಲ ಅಂತ ದೂರುವವರಲ್ಲಿ ಹೆಚ್ಚಿನವರು ನೂಲನ್ನು ಸರಿಯಾಗಿ ತೊಳೆದಿರುವುದಿಲ್ಲ. ಹತ್ತಿ ನೂಲಿನಲ್ಲಿ ಮೇಣ, ಗಂಜಿ ಇರುತ್ತವೆ. ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆಯಾದರೂ ಕುದಿಸಿ. ಬಿಳಿ ಕಾಣುವ ನೂಲಿನಿಂದಲೂ ಕಂದು ನೀರು ಇಳಿಯುವುದುಂಟು. ತೊಳೆದ ನೂಲು ನೀರಿಗೆ ಹಾಕಿದ ಕೂಡಲೇ ನೆನೆದು ಮುಳುಗಬೇಕು, ತೇಲುತ್ತಿದ್ದರೆ ಇನ್ನೊಮ್ಮೆ ಕುದಿಸಿ. ಉಣ್ಣೆ, ರೇಷ್ಮೆಗೆ ಮಾತ್ರ ಈ ಸೋಡಾ ಬೇಡ, ಎಳೆ ಹಾಳಾಗುತ್ತದೆ. ಅವಕ್ಕೆ ಬೆಚ್ಚಗಿನ ನೀರು, ಮೃದು ಸೋಪು ಸಾಕು.

ನೂಲಿಗೆ ತಕ್ಕ ಬಣ್ಣವನ್ನೇ ಆರಿಸಿಕೊಳ್ಳಿ. ಹತ್ತಿಗೆ ಎಳೆಯೊಂದಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ ಒಳ್ಳೆಯದು. ಅದನ್ನು ಹಿಡಿಸುವುದು ಸೋಡಾ ಆ್ಯಶ್, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ. ಸೋಡಾ ಬೆರೆಸಿದ ಬಣ್ಣದ ನೀರು ಕೆಲವೇ ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ನಾಳೆಗೆ ಅಂತ ಎತ್ತಿಡಬೇಡಿ. ಉಣ್ಣೆ, ರೇಷ್ಮೆಗೆ ಹುಳಿ ನೀರಿನಲ್ಲಿ ಹಿಡಿಯುವ ಆ್ಯಸಿಡ್ ಬಣ್ಣ ಮತ್ತು ವಿನೆಗರ್. ನಿಧಾನವಾಗಿ ಬಿಸಿ ಮಾಡಿ, ಪಾತ್ರೆಯಲ್ಲೇ ಆರಲು ಬಿಡಿ. ಬಿಸಿಯಿಂದ ತಣ್ಣೀರಿಗೆ ಹಾಕಿ ಕಲಕಿದರೆ ಉಣ್ಣೆ ಗಂಟುಗಟ್ಟಿ ಕಂಬಳಿಯಂತಾಗುತ್ತದೆ.

ಗಿಡದ ಬಣ್ಣ ಬೇಕೆಂದರೆ, ಹೆಚ್ಚಿನವು ನೂಲಿಗೆ ಗಟ್ಟಿಯಾಗಿ ಹಿಡಿಯಲು ಪಟಿಕ ಬೇಕು. ಉಣ್ಣೆ 100 ಗ್ರಾಂ ಇದ್ದರೆ ಪಟಿಕ 10ರಿಂದ 15 ಗ್ರಾಂ. ಹತ್ತಿ ಪಟಿಕವನ್ನು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಮೊದಲು ಅಳಲೆಕಾಯಿ ಅಥವಾ ದಾಳಿಂಬೆ ಸಿಪ್ಪೆಯ ಒಗರು ನೀರಿನಲ್ಲಿ ನೆನೆಸಿ. ಅರಿಶಿನ ತಕ್ಷಣ ಹಿಡಿಯುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಮಾಸುತ್ತದೆ. ಪರದೆ ನೇಯುವವರಿಗೆ ನಾನಂತೂ ಅರಿಶಿನ ಹೇಳುವುದಿಲ್ಲ.

ಅಳತೆ ಕೈಯಂದಾಜಲ್ಲಿ ಬೇಡ. ಒಣ ನೂಲನ್ನು ತೂಗಿ ಬರೆದಿಟ್ಟುಕೊಳ್ಳಿ. 1 ಗ್ರಾಂ ಪುಡಿಗೆ ನೀರು ಬೆರೆಸಿ 100 ಮಿಲಿಲೀಟರ್ ಮಾಡಿಟ್ಟರೆ ಲೆಕ್ಕ ಸುಲಭ. 10 ಗ್ರಾಂ ಮಾದರಿ ನೂಲಿಗೆ ಅದರಲ್ಲಿ 10 ಮಿಲಿಲೀಟರ್ ಹಾಕಿದರೆ ನೂಲಿನ ತೂಕದ ನೂರಕ್ಕೆ ಒಂದು ಪಾಲು ಬಣ್ಣ. ಪುಡಿ ಬೆರೆಸುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಬಣ್ಣದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಒದ್ದೆ ನೂಲು ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ನೋಡಿ. ಲಡಿಯಲ್ಲಿ ಚೆಂದ ಕಂಡದ್ದು ಬಟ್ಟೆಯಲ್ಲಿ ಹಾಗೇ ಕಾಣಬೇಕೆಂದಿಲ್ಲ, ಅಲ್ವಾ? ಸಣ್ಣ ಎಳೆಯ ಕೆಂಪು ಹಾಸಿನ ನೂಲಿಗೆ ಹಸಿರು ಹೊಕ್ಕು ಹಾಕಿ, ದೂರದಿಂದ ಮಣ್ಣುಬಣ್ಣ ಕಾಣುತ್ತದೆ. ಅದಕ್ಕೇ ಅಂಗೈಯಗಲ ತುಂಡೊಂದನ್ನು ನೇಯ್ದು ನೋಡಿ. ಆ ತುಂಡನ್ನೇ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ಬಿಳಿಗೆ ಕಲೆ ಹತ್ತಿದ್ದರೆ ನೂಲನ್ನು ಇನ್ನೂ ತೊಳೆಯಬೇಕು. ಆಮೇಲೆಯೇ ಮಗ್ಗಕ್ಕೆ ಏರಿಸಿ.