ಪಾಠದ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡುವಾಗ ಗಜಿಬಿಜಿ ಬಂದ್ರೆ

ಕನ್ನಡ ಮೀಡಿಯಂ ಪಾಠದ ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ PÀ£ÀßqÀ ಅಂತ ಏನೇನೋ ಬರ್ತದಲ್ಲ, ಆಗ ಪಿಡಿಎಫ್ ಬಿಟ್ಟು ಆ ಪುಟದ ಸ್ಕ್ರೀನ್‌ಶಾಟ್ ತೆಗ್ದು ಗೂಗಲ್ ಡ್ರೈವ್‌ಗೆ ಹಾಕಿ, ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ಓಪನ್ ಕೊಡಿ, ಮೇಲೆ ಫೋಟೋ ಅದರ ಕೆಳಗೆ ಯುನಿಕೋಡ್ ಕನ್ನಡ (ಎಲ್ಲ ಕಂಪ್ಯೂಟರ್, ಫೋನಲ್ಲೂ ಸರಿಯಾಗಿ ಕಾಣುವಂಥದ್ದು) ಬಂದು ಕೂತಿರ್ತದೆ. ನುಡಿಯಂಥ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪುಸ್ತಕದಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡ್, ಫೋಟೋ ಕೊಟ್ರೆ ಕಂಪ್ಯೂಟರ್ ಆ ಕೋಡ್ ನೋಡದೆ ಅಕ್ಷರದ ಆಕಾರ ನೋಡಿಯೇ ಓದ್ತದೆ. ಎಲ್ಲ ಬ್ರೌಸರ್‌ನಲ್ಲೇ ಆಗುವ ಕಾರಣ ಕೇರಳದ ಶಾಲೆಗಳಿಗೆ ಕೈಟ್ (ಸರ್ಕಾರದ ಶಾಲಾ ಐಟಿ ಸಂಸ್ಥೆ) ಕೊಟ್ಟ ಉಬುಂಟು, ಅಂದ್ರೆ ವಿಂಡೋಸ್ ಅಲ್ಲದ, ಲ್ಯಾಪ್‌ಟಾಪಲ್ಲೂ ತೊಂದ್ರೆ ಇಲ್ಲ, ನೆಟ್ ಒಂದು ಬೇಕು (ಮಳೆಗಾಲದಲ್ಲಿ ಅದೇ ದೊಡ್ಡ ಕಥೆ, ಬಿಡಿ). ಫೋನಲ್ಲಾದ್ರೆ ಗೂಗಲ್ ಲೆನ್ಸ್ ಸಾಕು, ಬಂದ ಟೆಕ್ಸ್ಟನ್ನು ಟ್ರಾನ್ಸ್‌ಲೇಟ್ ಆ್ಯಪ್‌ಗೆ ಹಾಕಿ ಸ್ಪೀಕರ್ ಚಿತ್ರ ಒತ್ತಿದ್ರೆ ಓದಿಯೂ ಹೇಳ್ತದೆ, ಓದ್ಲಿಕ್ಕೆ ತಡವರಿಸುವ ಮಕ್ಕಳಿಗೆ ಇದು ನಿಜವಾಗ್ಲೂ ಉಪಕಾರ ಉಂಟು. ಆದ್ರೆ ಕೈಬರಹಕ್ಕೆ ಇದನ್ನು ನಂಬ್ಬೇಡಿ, ಟೇಬಲ್ ಇದ್ರೆ ಸಾಲು ಎಲ್ಲ ಕಲಸಿ ಹೋಗ್ತದೆ, ಗಣಿತದ ಭಿನ್ನರಾಶಿ ಅಂತೂ ಕೇಳುವುದೇ ಬೇಡ. ಎರಡು ಕಾಲಂ ಇದ್ರೆ ಒಂದೊಂದೇ ಕ್ರಾಪ್ ಮಾಡಿ ಹಾಕಿ. ಒತ್ತಕ್ಷರ, ಅರ್ಕಾವತ್ತು, ಕನ್ನಡ ಅಂಕಿ ಸೊನ್ನೆ ಮತ್ತು ಅನುಸ್ವಾರ, ಇಷ್ಟನ್ನು ಪ್ರಶ್ನೆಪತ್ರಿಕೆ ಪ್ರಿಂಟ್ ಕೊಡುವ ಮೊದಲು ಪುಸ್ತಕ ಪಕ್ಕದಲ್ಲಿಟ್ಟು ಒಮ್ಮೆ ನೋಡ್ಕೊಳ್ಳಿ ಮಾಷ್ಟ್ರೇ.