ಪ್ರಾಂಪ್ಟಿಂಗ್ ಇಲ್ಲದೆ ಸೀರಿಯಲ್: ನನ್ನ ಅನುಭವ

ಡೈಲಿ ಸೀರಿಯಲ್‌ನಲ್ಲಿ ಪ್ರಾಂಪ್ಟಿಂಗ್ (ಕ್ಯಾಮೆರಾ ಪಕ್ಕದಿಂದ ಒಬ್ಬರು ಸಾಲು ಹೇಳಿಕೊಡುವುದು) ಇಲ್ಲದೆ ಕೆಲಸ ಮಾಡೋಕೆ ಆಗಲ್ಲ ಅಂತ ನನಗೆ ಹೇಳದವರಿಲ್ಲ. ನಿರ್ದೇಶಕರು ಹೇಳಿದರು, ಮ್ಯಾನೇಜರ್‌ಗಳು ಹೇಳಿದರು, ನನ್ನ ಹಾಗೆ ಅಪ್ಪ, ಮಾವ, ದೊಡ್ಡಪ್ಪನ ಪಾತ್ರ ಮಾಡುವ ಹಿರಿಯರೂ ಹೇಳಿದರು. ಈಗ ಏಳೆಂಟು ವರ್ಷದಿಂದ ನಾನು ಪ್ರಾಂಪ್ಟಿಂಗ್ ಇಲ್ಲದೇ ಮಾಡುತ್ತಿದ್ದೇನೆ. ಮಾತು ಬರೆದ ಸೀನ್ ಪೇಪರ್ ಕೈಗೆ ಬಂದ ಮೇಲೆ ಒಂದು ಸೀನಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಹೇಗೆ ಸಾರ್ ಅಂತ ಸೆಟ್‌ನಲ್ಲಿ ಹುಡುಗರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆದಿದ್ದೇನೆ.

ನಾನು ಬಂದಿದ್ದು ನಾಟಕದಿಂದ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತೆ, ಅದರ ಸಂಚಾರಿ ನಾಟಕ ತಂಡ ತಿರುಗಾಟದಲ್ಲಿ ಊರೂರು ಸುತ್ತಿದೆ. ಅಲ್ಲಿ ವಾರಗಟ್ಟಲೆ ತಾಲೀಮು. ಮಾತು ಬಾಯಿಪಾಠ ಮಾಡಬೇಕು ಅಂತ ಬೇರೆಯಾಗಿ ಕೂತಿದ್ದೇ ಇಲ್ಲ, ತಾಲೀಮಿನಲ್ಲೇ ಬಂದುಬಿಡುತ್ತಿತ್ತು. ಬೆಂಗಳೂರಿಗೆ ಬಂದು ಸೀರಿಯಲ್ ಸೆಟ್‌ಗೆ ಕಾಲಿಟ್ಟರೆ ತಾಲೀಮು ಅನ್ನುವುದೇ ಇಲ್ಲ. ದಿನಕ್ಕೊಂದು ಎಪಿಸೋಡ್ ಹೋಗಬೇಕು, ಅಂದರೆ ಇಪ್ಪತ್ತು ಇಪ್ಪತ್ತೆರಡು ನಿಮಿಷದ ಫುಟೇಜ್. ಬೆಳಿಗ್ಗೆ ಏಳಕ್ಕೆ ಮೇಕಪ್, ರಾತ್ರಿ ಒಂಬತ್ತೂವರೆಗೆ ಪ್ಯಾಕಪ್. ಸೀನ್ ಪೇಪರ್ ಎಷ್ಟೋ ಸಲ ಲೈಟ್ ಹಾಕುವಾಗ ಬರುತ್ತದೆ. ಕ್ಯಾಮೆರಾ ಪಕ್ಕದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಪೇಪರ್ ಹಿಡಿದು ಒಂದೊಂದೇ ಸಾಲು ಹೇಳುತ್ತಾನೆ, ನಾವು ಅದನ್ನು ಹೇಳಬೇಕು. ಡಬ್ಬಿಂಗ್ ಇದ್ದಾಗ ಇದು ನಡೆದುಹೋಗುತ್ತಿತ್ತು. ಈಗ ಜಾಸ್ತಿ ಕಡೆ ಲೈವ್ ಸೌಂಡ್, ಶೂಟಿಂಗ್ ಹೊತ್ತಲ್ಲೇ ಧ್ವನಿ ರೆಕಾರ್ಡ್ ಆಗುತ್ತದೆ. ಪ್ರಾಂಪ್ಟರ್ ಧ್ವನಿ ನಮ್ಮ ಮಾತಿನ ಮೇಲೆ ಬಿದ್ದರೆ ಟೇಕ್ ಹಾಳು. ಅವನು ಮುಗಿಸುವವರೆಗೆ ಕಾಯಬೇಕು, ಆ ಖಾಲಿ ಜಾಗವನ್ನು ಎಡಿಟರ್ ಕತ್ತರಿಸಬೇಕು, ಕತ್ತರಿಸಿದ ಕಡೆಯೆಲ್ಲ ಎದುರಿನವರ ರಿಯಾಕ್ಷನ್ ತುಂಬಬೇಕು. ಒಂದು ಮಾತಿಗೆ ಮೂರು ಮುಖ ಮೂರು ಸಲ ತಿರುಗುವುದು ಯಾಕೆ ಅಂತ ನೋಡುವವರು ಕೇಳುತ್ತಾರಲ್ವಾ, ಅದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ನನಗೆ ಸಂಕಟ ಆಗಿದ್ದು ಕಣ್ಣಿನದು. ಪ್ರಾಂಪ್ಟಿಂಗ್ ತಗೊಳ್ಳುವ ನಟನ ಕಣ್ಣನ್ನು ಮಾನಿಟರ್‌ನಲ್ಲಿ ನೋಡಿ. ಸಾಲು ಕಿವಿಗೆ ಬೀಳುವವರೆಗೆ ಅಲ್ಲಿ ಯಾರೂ ಇರುವುದಿಲ್ಲ. ಮಗಳು ಎದುರಿಗೆ ಅಳುತ್ತಿದ್ದಾಳೆ, ಅಪ್ಪನ ಗಮನ ಮಾತ್ರ ಕ್ಯಾಮೆರಾ ಪಕ್ಕದ ಹುಡುಗನ ಮೇಲೆ. ಪೋಷಕ ನಟನಿಗೆ ಇರುವುದೇ ನಾಲ್ಕು ಮಾತು, ಉಳಿದಿದ್ದೆಲ್ಲ ಕೇಳಿಸಿಕೊಳ್ಳುವ ಕೆಲಸ. ಕೇಳಿಸಿಕೊಳ್ಳುವುದೇ ಇಲ್ಲ ಅಂದರೆ ನಾವು ಅಲ್ಲಿ ಯಾಕೆ?

ಆಗ ನನಗೆ ದಿನಕ್ಕೆ 1,500 ರೂಪಾಯಿ. ತಿಂಗಳಿಗೆ ಹೆಚ್ಚೆಂದರೆ ಎಂಟು ಹತ್ತು ದಿನ ಕೆಲಸ. ಅದರಲ್ಲಿ ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ), ಕೆಲಸ ಕೊಡಿಸಿದವರಿಗೆ ಇನ್ನೊಂದು ಹತ್ತು. ಚೆಕ್ ಕೈಗೆ ಬರುವುದು ಎರಡು ಮೂರು ತಿಂಗಳ ಮೇಲೆ. ಹನುಮಂತನಗರದಲ್ಲಿ ಒಂದು ಕೋಣೆ, ಬಾಡಿಗೆ ಐದು ಸಾವಿರದ ಹತ್ತಿರ. ಪಂಚೆ, ಜುಬ್ಬಾ, ಶಲ್ಯ ಎಲ್ಲ ನಮ್ಮದೇ ತರಬೇಕು, ಚಿಕ್ಕಪೇಟೆಯಲ್ಲಿ ಅದಕ್ಕೇ ಒಂದು ತಿಂಗಳ ದುಡ್ಡು ಹೋಗಿತ್ತು. ಇಷ್ಟರಲ್ಲಿ ನಾನು ಒಂದು ಸೆಟ್‌ನಲ್ಲಿ, ನನಗೆ ಹತ್ತು ನಿಮಿಷ ಕೊಡಿ, ಪ್ರಾಂಪ್ಟಿಂಗ್ ಬೇಡ ಅಂದೆ. "ಇದು ಕಲಾಕ್ಷೇತ್ರ ಅಲ್ಲ ಸ್ವಾಮಿ" ಅಂತ ಉತ್ತರ ಬಂತು. ಒಂದೆರಡು ವಾರ ಆದ ಮೇಲೆ ನನ್ನ ಪಾತ್ರಕ್ಕೆ ಹಾರ್ಟ್ ಅಟ್ಯಾಕ್. ಗೋಡೆ ಮೇಲೆ ನನ್ನ ಫೋಟೋ, ಗಂಧದ ಹಾರ. ಆ ಫೋಟೋ ಮುಂದೆ ನಿಂತು ಹೆಂಡತಿ ಪಾತ್ರದವರು ಸುಮಾರು ಒಂದು ವರ್ಷ ಮಾತಾಡಿದರು. ಫೋಟೋಗೆ ಸಂಭಾವನೆ ಇಲ್ಲ.

ಆ ಖಾಲಿ ತಿಂಗಳುಗಳಲ್ಲಿ ಬೇರೆ ಬೇರೆ ದಾರಿ ನೋಡಿದೆ. ಮೊದಲು ಮೊಬೈಲ್‌ನಲ್ಲಿ ಇಡೀ ಸೀನ್ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳುವುದು. ಮಾತು ಬಂತು, ಆದರೆ ರೆಕಾರ್ಡ್ ಮಾಡಿದ ರಾಗವೇ ಅಂಟಿಕೊಂಡಿತು. ಎದುರಿನವರು ಜೋರಾಗಿ ಕಿರುಚಿದರೂ ನಾನು ಅದೇ ರಾಗದಲ್ಲಿ ಉತ್ತರ ಕೊಡುತ್ತಿದ್ದೆ. ಆಮೇಲೆ ಕೈಯಲ್ಲಿ ಬರೆಯುವುದು. ಶಾಲೆಯಿಂದ ಕಲಿತ ಅಭ್ಯಾಸ, ನೆನಪಿಗೆ ಒಳ್ಳೆಯದೇ, ಆದರೆ ಸೆಟ್‌ನಲ್ಲಿ ಅಷ್ಟು ಸಮಯ ಎಲ್ಲಿದೆ? ನಂತರ ಒಂದು ಸಣ್ಣ ಬ್ಲೂಟೂತ್ ಇಯರ್‌ಪೀಸ್ ತಂದೆ. ಸುಮಾರು ಎರಡು ಸಾವಿರ ಕೊಟ್ಟೆ. ನನ್ನದೇ ಧ್ವನಿಯ ಸಾಲುಗಳು ಕಿವಿಯಲ್ಲಿ ಬರುತ್ತವೆ, ನಾನು ಹೇಳುತ್ತೇನೆ, ಹೊರಗೆ ಸದ್ದಿಲ್ಲ. ಆದರೆ ಎದುರಿನವರು ಒಂದು ಕ್ಷಣ ತಡ ಮಾಡಿದರೆ ರೆಕಾರ್ಡಿಂಗ್ ನಿಲ್ಲುವುದಿಲ್ಲ, ಮುಂದೆ ಓಡುತ್ತದೆ. ಆ ಇಯರ್‌ಪೀಸ್ ಈಗ ಮಗನ ಹತ್ತಿರ ಇದೆ.

ದಾರಿ ಸಿಕ್ಕಿದ್ದು ಎರಡು ಕಡೆಯಿಂದ. ಒಂದು ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ. ನಮ್ಮ ಸಾಗರದ ಕಡೆ ಮಳೆಗಾಲ ಬಂದರೆ ತಾಳಮದ್ದಳೆ ಇದ್ದೇ ಇರುತ್ತದೆ. ಪಾತ್ರದ ಮಾತು ಹೇಳುವ ಅರ್ಥಧಾರಿಗೆ ಬರೆದ ಸಂಭಾಷಣೆ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರಿನ ಅರ್ಥಧಾರಿ ಒಂದು ವಾದ ಇಡುತ್ತಾನೆ, ಇವನು ಅದನ್ನು ಹಿಡಿದು ಉತ್ತರ ಕಟ್ಟುತ್ತಾನೆ. ಗಂಟೆಗಟ್ಟಲೆ ಹಾಗೆ. ಕೃಷ್ಣನ ಅರ್ಥ ಹೇಳುವವನು ಕೌರವ ಏನು ಹೇಳುತ್ತಾನೆ ಅಂತ ಮೊದಲೇ ಯೋಚಿಸಿಕೊಂಡು ಬಂದಿರುತ್ತಾನೆ, ತನ್ನದನ್ನಲ್ಲ.

ಇನ್ನೊಂದು ಹಳೇ ಸಿನಿಮಾ ನಟ ಟಿ.ಎನ್. ಬಾಲಕೃಷ್ಣ. ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಟಕ ಕಂಪನಿಯಿಂದ ಬಂದು ನೂರಾರು ಸಿನಿಮಾ ಮಾಡಿದರು, ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಿದರು, 1995ರಲ್ಲಿ ತೀರಿಕೊಂಡರು. ಎದುರಿನವರ ತುಟಿ ನೋಡಿಕೊಂಡೇ ಮಾತಿನ ಟೈಮಿಂಗ್ ಹಿಡಿಯುತ್ತಿದ್ದರು. ಅವರ ಹಳೇ ಸೀನ್‌ಗಳನ್ನು ಸದ್ದು ತೆಗೆದು ನೋಡಿ. ಎದುರಿನವರ ಮುಖದಿಂದ ಕಣ್ಣು ತೆಗೆಯುವುದಿಲ್ಲ. ಪ್ರಾಂಪ್ಟಿಂಗ್ ಕೇಳಿಸಿಕೊಳ್ಳಲಾಗದ ಮನುಷ್ಯ ಕನ್ನಡದ ದೊಡ್ಡ ಪೋಷಕ ನಟರಲ್ಲಿ ಒಬ್ಬರಾದರು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಹಾಗಾಗಿ ನಾನು ನನ್ನ ಮಾತು ಓದುವುದನ್ನು ಬಿಟ್ಟೆ. ಎದುರಿನವರ ಮಾತನ್ನು ಮೊದಲು ಬಾಯಿಪಾಠ ಮಾಡತೊಡಗಿದೆ.

ಮೊನ್ನೆ ಮಾಡಿದ ಒಂದು ಸೀನನ್ನೇ ಹೇಳುತ್ತೇನೆ. ಮಗಳು ಗಂಡನ ಸಾಲ ತೀರಿಸಲು ಒಡವೆ ಅಡ ಇಟ್ಟಿದ್ದಾಳೆ, ಅಪ್ಪನಿಗೆ ಗೊತ್ತಾಗಿದೆ. ನನಗೆ ಹದಿನಾಲ್ಕು ಹದಿನೈದು ಮಾತು. ಮೇಕಪ್ ಕುರ್ಚಿಯಲ್ಲಿ ಕೂತಾಗ ಬರೀ ಮಗಳ ಮಾತು ಓದಿದೆ, ಎರಡು ಸಲ. "ಅಮ್ಮನ ಬಳೆ ಮುಟ್ಟಿಲ್ಲಪ್ಪ" ಅಂತ ಅವಳು ಹೇಳಿದರೆ ಅಪ್ಪ ಏನು ಹೇಳಬಹುದು? ಪೇಪರ್ ನೋಡದೆ ನನ್ನ ಮಾತಿನಲ್ಲೇ ಹೇಳಿಕೊಂಡೆ. ಆಮೇಲೆ ಬರಹಗಾರರು ಏನು ಬರೆದಿದ್ದಾರೆ ನೋಡಿದೆ. ಹದಿನೈದರಲ್ಲಿ ಹತ್ತು ಹೆಚ್ಚು ಕಡಿಮೆ ಅದೇ ಇರುತ್ತವೆ. ಬೇರೆ ಇರುವ ಐದನ್ನು ಮಾತ್ರ ಕಲಿಯಬೇಕು. ಕೆಲಸ ಅಲ್ಲಿಗೇ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಆ ಐದು ಮಾತಿಗೆ ಕೈಕೆಲಸ ಜೋಡಿಸುತ್ತೇನೆ. ಕನ್ನಡಕ ತೆಗೆದರೆ "ಯಾವ ಅಂಗಡಿ?" ಶಲ್ಯದ ತುದಿಯಲ್ಲಿ ಒರೆಸಿದರೆ "ಎಷ್ಟು ಕೊಟ್ಟ?" ಮತ್ತೆ ಹಾಕಿಕೊಂಡರೆ "ರಸೀದಿ ಕೊಡು." ಕೈ ಮಾತನ್ನು ಕರೆತರುತ್ತದೆ. ಇದರಿಂದ ಇನ್ನೊಂದು ಲಾಭ, ನಾನು ಅಂದುಕೊಂಡಿರದಿದ್ದದ್ದು. ಇಡೀ ಸೀನ್ ಕಾಣುವ ಮಾಸ್ಟರ್‌ನಲ್ಲಿ, ಎದುರಿನವರ ಭುಜದ ಮೇಲಿಂದ ತೆಗೆಯುವ ಸಜೆಶನ್‌ನಲ್ಲಿ, ಮುಖ ಮಾತ್ರ ಕಾಣುವ ಕ್ಲೋಸ್‌ನಲ್ಲಿ ಕನ್ನಡಕ ಪ್ರತಿ ಸಲ ಅದೇ ಅಕ್ಷರಕ್ಕೆ ಕೆಳಗಿಳಿಯುತ್ತದೆ. ಕಂಟಿನ್ಯುಟಿ, ಅಂದರೆ ಒಂದು ಶಾಟ್ ಇನ್ನೊಂದಕ್ಕೆ ಹೊಂದುವುದು, ತಾನಾಗಿ ಕೂರುತ್ತದೆ. ಒಬ್ಬ ಎಡಿಟರ್ ಫೋನ್ ಮಾಡಿ, ಸಾರ್ ನಿಮ್ಮ ಸೀನ್ ಬಂದರೆ ನಾನು ಬೇಗ ಮನೆಗೆ ಹೋಗ್ತೀನಿ ಅಂದಿದ್ದರು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೇ ಮಾತು ಯಾರೂ ಹೇಳಿಲ್ಲ.

ಎಲ್ಲರೂ ಎಡವುವುದು ಅಂಕಿ ಮತ್ತು ಹೆಸರಿನ ಹತ್ತಿರ. "ಹದಿನೇಳು ಲಕ್ಷದ ನಲವತ್ತು ಸಾವಿರ", "ಸರ್ವೆ ನಂಬರ್" ಇಂಥವು. ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಸುಮಾರು ಕಷ್ಟಪಟ್ಟು ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯಲ್ಲ. ಕೋರ್ಟ್ ಸೀನಿಗೆ ನನ್ನನ್ನೇ ಕರೆಯುವುದು ಅದಕ್ಕಾಗಿ.

ಪಕ್ಕದವರು ಪ್ರಾಂಪ್ಟಿಂಗ್ ತಗೊಂಡರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಹೊರಗಿನಿಂದ ಬಂದ ನಾಯಕಿಯರಿಗೆ ಕನ್ನಡ ಇನ್ನೂ ಬಾಯಿಗೆ ಹತ್ತಿರುವುದಿಲ್ಲ, ಅವರಿಗೆ ಬೇಕೇ ಬೇಕು. ಅವರ ಸಾಲು ನಮ್ಮ ಕಿವಿಗೆ ಎರಡು ಸಲ ಬೀಳುತ್ತದೆ, ಮೊದಲು ಹುಡುಗನ ಬಾಯಿಂದ, ಆಮೇಲೆ ಅವರ ಬಾಯಿಂದ. ಮೊದಲನೆಯದಕ್ಕೇ ಮುಖ ಬದಲಾದರೆ ಶಾಟ್ ಕೆಟ್ಟಿತು. ಹುಡುಗ ಹೇಳುವಾಗ ನಾನು ಅವರ ಗಂಟಲು ನೋಡುತ್ತೇನೆ, ಮಾತು ಶುರುವಾಗುವ ಮೊದಲು ಅಲ್ಲಿ ಸಣ್ಣ ಚಲನೆ ಕಾಣುತ್ತದೆ. ಅದು ಕಂಡಾಗ ಕಣ್ಣು ಮೇಲೆತ್ತುತ್ತೇನೆ. ಬಾಲಣ್ಣನವರನ್ನು ನೋಡಿ ಕಲಿತದ್ದು.

ಊಟದ ಸೀನ್ ಬಗ್ಗೆಯೂ ಹೇಳಿಬಿಡುತ್ತೇನೆ, ಅದರಲ್ಲಿ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೇನೆ. 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಲೋಕನಾಥ್ ಉಪ್ಪಿನಕಾಯಿ ತಿಂದದ್ದಕ್ಕೆ ಸಾಯುವವರೆಗೂ ಜನ ಅವರನ್ನು ಉಪ್ಪಿನಕಾಯಿ ಜೊತೆಗೇ ಕರೆದರು. ತಿನ್ನುವುದೂ ಅಭಿನಯ ಅಂತ ತೋರಿಸಿದವರು ಅವರು. ಸೀರಿಯಲ್‌ನಲ್ಲಿ ಊಟದ ಸೀನ್ ಇಲ್ಲದ ವಾರ ಇಲ್ಲ. ಮನೆಯಲ್ಲಿ ಕನ್ನಡಿ ಮುಂದೆ ಕೂತು ಒಂದೊಂದೇ ತಿಂಡಿ ತಿನ್ನುತ್ತಾ ಮಾತಾಡಿ ನೋಡಿದೆ. ಅವಲಕ್ಕಿ ಬೇಡವೇ ಬೇಡ, 'ಪ' 'ಬ' ಬಂದ ಕಡೆ ಹೊರಗೆ ಹಾರುತ್ತದೆ. ಚಿತ್ರಾನ್ನದಲ್ಲಿ ಕಡಲೆಬೀಜ ತೊಂದರೆ. ಇಡ್ಲಿ ಬಾಯಿ ಒಣಗಿಸುತ್ತದೆ. ದೋಸೆ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ರಾಗಿ ಮುದ್ದೆ, ಯಾಕೆಂದರೆ ಅದನ್ನು ಅಗಿಯುವುದಿಲ್ಲ, ನುಂಗುವುದು. ಬಾಯಿ ಯಾವಾಗಲೂ ಖಾಲಿ. ತುತ್ತು ಮುರಿದು ಸಾರಿನಲ್ಲಿ ಅದ್ದುವಷ್ಟರಲ್ಲಿ ಒಂದು ಮಾತು ಆರಾಮಾಗಿ ಮುಗಿಯುತ್ತದೆ. ಈಗ ನನ್ನ ಪಾತ್ರ ಹಳೇ ಮೈಸೂರಿನ ಕಡೆಯದ್ದಾದರೆ ಮುದ್ದೆ ಇಡಿಸಿ ಅಂತ ಸೆಟ್ ಸಾಮಾನು ನೋಡಿಕೊಳ್ಳುವ ಪ್ರಾಪರ್ಟಿಯವರಿಗೆ ಹಿಂದಿನ ದಿನವೇ ಹೇಳಿರುತ್ತೇನೆ.

ಈ ದಾರಿಯ ಮೇಲೆ ನಂಬಿಕೆ ಬಂದದ್ದು ಲಾಕ್‌ಡೌನ್ ಮುಗಿದ ಮೇಲೆ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು, ಬಾಕಿ ದುಡ್ಡೂ ನಿಂತಿತು. ಅದೇ ಸಮಯಕ್ಕೆ ಬೇರೆ ಭಾಷೆಯ ಪೌರಾಣಿಕ ಸೀರಿಯಲ್‌ಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದವು. ನಾನು ಒಂದಷ್ಟು ಋಷಿಗಳಿಗೆ, ಒಬ್ಬ ಮಂತ್ರಿಗೆ ಧ್ವನಿ ಕೊಟ್ಟೆ. ದುಡ್ಡು ಕಡಿಮೆ, ಮನೆ ಖರ್ಚಿಗೆ ಆಯಿತು. ಅಲ್ಲಿಯೂ ಇದೇ ಅಭ್ಯಾಸ, ಎದುರಿನವನ ತುಟಿ ಮುಚ್ಚುವುದನ್ನು ನೋಡಿ ಶುರು ಮಾಡುವುದು. ಶೂಟಿಂಗ್ ಮತ್ತೆ ತೆರೆದಾಗ ಸೆಟ್‌ನಲ್ಲಿ ಜನ ಕಡಿಮೆ, ಪ್ರಾಂಪ್ಟ್ ಮಾಡುವ ಹುಡುಗನ ಬಾಯಿಗೆ ಮಾಸ್ಕ್. ಅರ್ಧ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಸೆಟ್‌ನಲ್ಲಿ ಅಪ್ಪನ ಪಾತ್ರದವರು ಬರಲಾಗದೆ ನನ್ನನ್ನು ಕರೆದರು. ಎರಡು ಪುಟದ ಮಾತು, ಮದುವೆ ಮನೆಯಲ್ಲಿ ಎಲ್ಲರ ಮುಂದೆ ಅಪ್ಪ ಮಗನನ್ನು ಬಿಟ್ಟುಕೊಡುವುದಿಲ್ಲ ಅನ್ನುವ ಸೀನ್. ಒಂದೇ ಟೇಕ್‌ನಲ್ಲಿ ಕೊಟ್ಟೆ, ಮೂರು ಕ್ಯಾಮೆರಾ ಇಟ್ಟುಕೊಂಡು. ಲೈಟ್‌ಬಾಯ್‌ಗಳು ಚಪ್ಪಾಳೆ ತಟ್ಟಿದರು. ಆ ದಿನ ಪ್ಯಾಕಪ್ ಎರಡು ಗಂಟೆ ಮುಂಚೆ ಆಯಿತು. ಎರಡು ಗಂಟೆ ಅಂದರೆ ಶೂಟಿಂಗ್ ಮನೆಯ ಬಾಡಿಗೆ, ಯೂನಿಟ್‌ನವರ ಬಾಟಾ (ಭತ್ಯೆ), ಜನರೇಟರ್ ಡೀಸೆಲ್ ಉಳಿತಾಯ. ಮ್ಯಾನೇಜರ್‌ಗೆ ಈ ಲೆಕ್ಕ ಅಭಿನಯಕ್ಕಿಂತ ಬೇಗ ಅರ್ಥವಾಗುತ್ತದೆ. ಮರುದಿನವೇ ಹತ್ತು ದಿನದ ಡೇಟ್ಸ್ ಕೇಳಿದರು.

ಅಲ್ಲಿಂದ 4,500 ಆಯಿತು, ಆಮೇಲೆ ಏಳು, ಈಗ ದಿನಕ್ಕೆ ಒಂಬತ್ತು ಸಾವಿರದ ಹತ್ತಿರ. ತಿಂಗಳಿಗೆ ಹದಿನೈದು ದಿನ ಎರಡು ಸೀರಿಯಲ್‌ಗೆ ಹಂಚಿ ಕೊಡುತ್ತೇನೆ, ಸಿನಿಮಾ ಬಂದರೆ ಬೇರೆ. ಚೆಕ್ ಈಗಲೂ ಎರಡು ತಿಂಗಳು ತಡವೇ. ಟಿಡಿಎಸ್ ಹೋದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ತಗೊಳ್ಳಿ, ನಮ್ಮಲ್ಲಿ ಎಷ್ಟೋ ಜನ ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ದರ ಏರಿಸುವಾಗ ಮಾತ್ರ ನಾನು ಎರಡು ಷರತ್ತು ಹಾಕಿದೆ. ಪೇಪರ್ ಆದಷ್ಟೂ ಹಿಂದಿನ ರಾತ್ರಿ ವಾಟ್ಸಾಪ್‌ಗೆ ಬರಬೇಕು. ಆಗದಿದ್ದರೆ ಸೆಟ್‌ನಲ್ಲಿ ಹದಿನೈದು ನಿಮಿಷ ನನ್ನ ಜೊತೆ ಯಾರೂ ಮಾತಾಡಬಾರದು. ಎರಡನ್ನೂ ಒಪ್ಪಿಕೊಂಡಿದ್ದಾರೆ.

ಈಗ ಹೊಸ ಪ್ರಯೋಗ ತೆಲುಗಿನಲ್ಲಿ ನಡೆದಿದೆ. ತಿಂಗಳಿಗೆ ನಾಲ್ಕೈದು ದಿನ ಹೈದರಾಬಾದ್‌ಗೆ ಹೋಗುತ್ತೇನೆ. ಮಾತನ್ನು ಕನ್ನಡ ಲಿಪಿಯಲ್ಲಿ ಬರೆಸಿಕೊಳ್ಳುತ್ತೇನೆ, ಎದುರಿನವರ ಮಾತನ್ನೂ ಸೇರಿಸಿ. ಏಳೆಂಟು ಸಾಲಿನವರೆಗೆ ಚೆನ್ನಾಗಿ ನಡೆಯುತ್ತಿದೆ. ಅದಕ್ಕಿಂತ ಉದ್ದವಾದರೆ ಎದುರಿನವರ ಮಾತಿನ ಅರ್ಥ ನನಗೆ ಅರೆಕ್ಷಣ ತಡವಾಗಿ ಹೊಳೆಯುತ್ತದೆ, ಅಷ್ಟರಲ್ಲಿ ನನ್ನ ಸರದಿ ಬಂದಿರುತ್ತದೆ. ಸದ್ಯಕ್ಕೆ ಅಂಥ ಸೀನ್‌ಗಳಲ್ಲಿ ಕೈಕೆಲಸ ಜಾಸ್ತಿ ಮಾಡಿ, ಪ್ರತಿ ಮಾತಿಗೂ ಒಂದೊಂದು ಇಟ್ಟು ನೋಡುತ್ತಿದ್ದೇನೆ. ತೆಲುಗು ಅಥವಾ ತಮಿಳಿನಲ್ಲಿ ಪ್ರಾಂಪ್ಟಿಂಗ್ ಇಲ್ಲದೆ ಉದ್ದದ ಸೀನ್ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹೇಗೆ ಮಾಡಿದಿರಿ ಅಂತ ತಿಳಿಸಿ. ಮುಂದಿನ ಶೆಡ್ಯೂಲ್‌ನಲ್ಲಿ ಪಂಚಾಯಿತಿ ಸೀನ್ ಇದೆ, ಮೂರು ಪುಟ.